ಬಿಳಿ ಇಲಿಯ ಬೆನ್ನ ಮೇಲಿನ ಅರಿಶಿನ

ಇಲಿಯ ಬೆನ್ನು ಕೆಂಪಾಯಿತು.

ಉಗುರು ತಾಗಿ ರಕ್ತ ಬಂತೇನೋ ಎಂದು ಇನ್ಸ್‌ಪೆಕ್ಟರ್ ರಾಚಯ್ಯ ಬೆಚ್ಚಿದ. ಅಂಗೈಯಲ್ಲಿ ನಡುಗುತ್ತಿದ್ದ ಬಿಳಿ ಇಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಗಾಯವೇನೂ ಇರಲಿಲ್ಲ. ಗುರುತಿಗೆಂದು ಬೆನ್ನ ಮೇಲೆ ಹಾಕಿದ್ದ ಹಳದಿ ಬೊಟ್ಟು ಅರ್ಧ ಹಾಗೇ ಉಳಿದು, ಇನ್ನರ್ಧ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

ಅವನು ಆಗಷ್ಟೇ ಎಲೆಯಡಿಕೆ ಹಾಕಿಕೊಂಡಿದ್ದ. ತೋರುಬೆರಳಿಗೆ ಅಂಟಿದ ಸುಣ್ಣವನ್ನು ಹತ್ತಿರದ ಗೋಡೆಗೆ ಒರೆಸುವುದು ಅವನ ಅಭ್ಯಾಸ. ಇದು ಸಂಶೋಧನಾಲಯದ ಗೋಡೆಯಲ್ಲವೇ ಎಂಬ ಮರ್ಯಾದೆಗೆ ಇವತ್ತು ಒರೆಸದೆ ಬಿಟ್ಟಿದ್ದ. ಆ ಸುಣ್ಣ ಇಲಿಗೆ ತಾಗಿತ್ತು.

ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆ ಎಂದು ತಿಳಿಯಲು ವಿಲಾಯಿತಿಗೆ ಹೋಗಬೇಕಾಗಿಲ್ಲ. ಆರತಿ ನೀರು ಕದಡುವ ಮನೆಯ ಮಕ್ಕಳೆಲ್ಲ ಬಲ್ಲ ಸಂಗತಿ. ಆದರೆ ಈ ಇಲಿಯ ಮೈಮೇಲೆ ಅರಿಶಿನ ಇರಬಾರದಿತ್ತು.

ನಿನ್ನೆ ಡಾಕ್ಟರ್ ಶಿವರುದ್ರಸ್ವಾಮಿ ಇದೇ ಗೂಡಿನ ಮುಂದೆ ನಿಂತು ಎಲ್ಲವನ್ನೂ ವಿವರಿಸಿದ್ದರು. ಗುಂಡ್ಲುಪೇಟೆಯ ಹೊರಗೆ, ಊಟಿ ರಸ್ತೆಯ ಹಳೆಯ ಬಂಗಲೆಯೊಂದರಲ್ಲಿ ವಿಶ್ವವಿದ್ಯಾನಿಲಯದವರು ನಡೆಸುತ್ತಿದ್ದ ಈ ಕ್ಯಾನ್ಸರ್ ಔಷಧ ಸಂಶೋಧನಾಲಯಕ್ಕೆ ಅವರೇ ಮುಖ್ಯಸ್ಥರು.

"ಈ ಇಲಿಗಳ ಪಕ್ಕೆಯಲ್ಲಿ ನಾವೇ ಗಡ್ಡೆ ಬೆಳೆಸಿದೆವು ಇನ್ಸ್‌ಪೆಕ್ಟರೇ. ಕಾಡಿನ ಬೇರಿನಿಂದ ತೆಗೆದ ಮದ್ದನ್ನ ಚುಚ್ಚಿದೆವು. ಈಗ ಮುಟ್ಟಿ ನೋಡಿ, ಗಡ್ಡೆಯೇ ಇಲ್ಲ! ಯಾವ ಇಲಿ ಯಾವುದು ಅಂತ ತಿಳಿಯೋಕೆ ಈ ಪಿಕ್ರಿಕ್ ಆಮ್ಲದ ಹಳದಿ ಬೊಟ್ಟು. ತೊಳೆದರೂ ಹೋಗೋದಿಲ್ಲ."

ಆಮ್ಲದ ಸೀಸೆ ಬೀಗ ಹಾಕಿದ ಕಪಾಟಿನಲ್ಲಿತ್ತು.

ರಾಚಯ್ಯ ಪಕ್ಕದ ಗೂಡಿಗೆ ಕೈಹಾಕಿದ. ಅಲ್ಲಿದ್ದವು ಮದ್ದು ಕಾಣದ ಇಲಿಗಳು. ಪಕ್ಕೆಯಲ್ಲಿ ಹುಣಸೆ ಬೀಜದಷ್ಟು ಗಡ್ಡೆ ಹೊತ್ತು ಮಂಕಾಗಿ ಕೂತಿದ್ದವು. ಡಬ್ಬಿಯಿಂದ ಇನ್ನಷ್ಟು ಸುಣ್ಣ ತೆಗೆದು ಒಂದರ ಬೊಟ್ಟಿಗೆ ಸವರಿದ. ಹಳದಿ ಹಳದಿಯಾಗಿಯೇ ಉಳಿಯಿತು. ಮತ್ತೆ ಮೊದಲಿನ ಗೂಡಿಗೆ ಬಂದ. ಗುಣವಾದ ಇಲಿಗಳನ್ನು ಒಂದೊಂದಾಗಿ ಎತ್ತಿ ಸವರಿದ.

ಎಲ್ಲವೂ ಕೆಂಪಾದವು.

ಬೆಟ್ಟ ಅಗೆದು ಇಲಿ ಹಿಡಿದರು ಎಂದು ಪೊಲೀಸರನ್ನು ಜನ ಆಡಿಕೊಳ್ಳುವುದುಂಟು. ಇಲ್ಲಿ ಇಲಿ ಹಿಡಿದವನ ಮೇಲೆ ಬೆಟ್ಟವೇ ಬಿದ್ದಿತ್ತು. ಮದ್ದು ಚುಚ್ಚಿಸಿಕೊಂಡ ಇಲಿಗಳು ಇವಲ್ಲ. ಗಡ್ಡೆ ಕರಗಿರಲಿಲ್ಲ, ಇವಕ್ಕೆ ಗಡ್ಡೆ ಬಂದೇ ಇರಲಿಲ್ಲ. ಯಾರೋ ಗೂಡಿನ ಇಲಿಗಳನ್ನೇ ಬದಲಾಯಿಸಿದ್ದರು.

ರಾಚಯ್ಯ ಮೈಸೂರಿನಿಂದ ಇಲ್ಲಿಗೆ ಬಂದದ್ದು ಬೇರೆ ಕೆಲಸಕ್ಕೆ. ಡಾಕ್ಟರ ಸಹಾಯಕ ನಂಜಯ್ಯ ಹೋದ ಗುರುವಾರ ಹಂಗಳದ ಕೆರೆ ಏರಿಯ ಮೇಲೆ, ಮರಕ್ಕೊರಗಿ ಕೂತ ಹಾಗೆಯೇ ಸತ್ತು ಸಿಕ್ಕಿದ್ದ. ಹೊಡೆತದ ಗುರುತಿರಲಿಲ್ಲ, ಜೇಬಿನಲ್ಲಿದ್ದದ್ದು ಜೇಬಿನಲ್ಲೇ ಇತ್ತು.

ಆ ಸಾವಿನ ಎಳೆ ಹಿಡಿದು ಬಂದವನಿಗೆ ಈಗ ಇನ್ನೊಂದು ಸಾವು ಎದುರಿಗೆ ನಿಂತಂತಾಯಿತು. ಈ ಇಲಿಗಳನ್ನು ನಂಬಿಯೇ ಡಾಕ್ಟರು ಅದೇ ಮದ್ದನ್ನು ಇವತ್ತು ಸಂಜೆ ಮನುಷ್ಯರಿಗೆ ಮೊದಲ ಸಲ ಕೊಡುವವರಿದ್ದರು. ತೆಗೆದುಕೊಳ್ಳುವವಳು ಚಂದ್ರಮತಿ. ಸೋಮವಾರವೇ ಆಗಲಿ, ಶಿವನ ದಿನ ಎಂದು ಅವಳೇ ಕೇಳಿಕೊಂಡಿದ್ದಳು.

ಚಾಮರಾಜನಗರದ ಧಾನ್ಯದ ವ್ಯಾಪಾರಿಯೊಬ್ಬನ ಹೆಂಡತಿ ಅವಳು. ಎದೆಯಲ್ಲಿ ಗಂಟು ಕಂಡ ಮೇಲೆ ಅತ್ತೆಮನೆಯವರು ಅವಳ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ ಮಾಡಿದರು. ಆಮೇಲೆ ಅವಳನ್ನೂ ಬೇರೆ ಮಾಡಿದರು. ಬಂಗಲೆಯ ಹಿತ್ತಿಲ ಕೋಣೆಯಲ್ಲಿ ಅವಳು ಇದ್ದ ಇಷ್ಟು ಕಾಲದಲ್ಲಿ ಆ ಕಡೆಯಿಂದ ಒಂದು ನರಪಿಳ್ಳೆಯೂ ಬಂದು ನೋಡಿರಲಿಲ್ಲ.

ರಾಚಯ್ಯನಿಗೆ ದುಃಖವಾಯಿತು. ಸುಳಿವು ಸಿಕ್ಕಿದ ಪತ್ತೇದಾರನಿಗೆ ದುಃಖವೇಕೆ ಎಂದರೆ, ಅವನ ಹೆಂಡತಿ ಸತ್ತದ್ದು ಇದೇ ಕಾಯಿಲೆಯಿಂದ. ನಿನ್ನೆ ಡಾಕ್ಟರ ಮಾತು ಕೇಳಿ ಬಂದವನು ಲಾಡ್ಜಿನ ಮಂಚದ ಮೇಲೆ ಕೂತು, ಅವಳು ಇನ್ನಷ್ಟು ದಿನ ತಡೆದಿದ್ದರೆ ಬದುಕಿಕೊಳ್ಳುತ್ತಿದ್ದಳಲ್ಲ ಎಂದು ಮಗುವಿನ ಹಾಗೆ ಅತ್ತಿದ್ದ. ಆ ಮದ್ದು ನಿಜವಾಗಿರಲಿ ಎಂದು ಅವನಷ್ಟು ಆಸೆಪಟ್ಟವರು ಯಾರೂ ಇರಲಿಲ್ಲ.

ಇಲಿಯನ್ನು ಗೂಡಿಗೆ ಬಿಟ್ಟು ಅವನು ಹಿತ್ತಿಲಿಗೆ ನಡೆದ.

ದೊಡ್ಡಮಲ್ಲಮ್ಮ ಬಾವಿಕಟ್ಟೆಯ ಬಳಿ ಖಾಲಿ ಗೂಡುಗಳನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಪುಣಜನೂರಿನ ಕಡೆಯ ವಿಧವೆ, ಮಕ್ಕಳಿಲ್ಲ. ಇಲಿಗಳಿಗೆ ಉಣ್ಣಿಸುವುದು, ಗೂಡು ತೊಳೆಯುವುದು, ಮನುಷ್ಯರಿಗೆ ಅಡಿಗೆ ಮಾಡುವುದು, ಮೂರೂ ಅವಳದೇ. ಈ ಬಂಗಲೆಯಲ್ಲಿ ಮನುಷ್ಯರು ಒಟ್ಟಿಗೆ ಕೂತು ಉಂಡದ್ದನ್ನು ರಾಚಯ್ಯ ಕಂಡಿರಲಿಲ್ಲ. ಡಾಕ್ಟರ ಊಟ ಮೇಜಿನ ಮೇಲೆ ಪುಸ್ತಕದ ಜೊತೆ, ಚಂದ್ರಮತಿಯದು ಕೋಣೆಯಲ್ಲಿ, ಇವಳದು ಒಲೆಯ ಮುಂದೆ. ನಂಜಯ್ಯ ಹಿಂಬಾಗಿಲ ಮೆಟ್ಟಿಲ ಮೇಲೆ ಉಣ್ಣುತ್ತಿದ್ದನಂತೆ. ಒಟ್ಟಿಗೆ ಉಣ್ಣುತ್ತಿದ್ದವು ಇಲಿಗಳು ಮಾತ್ರ.

"ಅವ್ವಾ, ಸತ್ತ ಇಲಿಗೊಳ್ನ ಏನ್ ಮಾಡೀಯೆ?"

"ಮಣ್ ಮಾಡ್ತೀನಿ ಬುದ್ಧಿ. ಎಸ್ಯಕಾದದಾ? ಅವೂ ಜೀವ ಕನ. ಒಂದ್ ಚಿಟ್ಕೆ ಈಬೂತಿ ಇಕ್ಕಿ ಕಳುಸ್ತೀನಿ."

ಅವಳು ಕೈ ತೋರಿದ ಕಡೆ ಹೊಂಗೆ ಮರದ ಬುಡದಲ್ಲಿ ಮಣ್ಣಿನ ಪುಟ್ಟ ಪುಟ್ಟ ಗುಪ್ಪೆಗಳಿದ್ದವು. ಕೆಲವು ಹಳೆಯವು, ಹುಲ್ಲು ಹತ್ತಿದ್ದವು. ಹಲವು ಹೊಸವು, ಮೇಲೆ ವಿಭೂತಿಯ ಬಿಳಿ ಇನ್ನೂ ಕಾಣುತ್ತಿತ್ತು. ರಾಚಯ್ಯ ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ಒಳ್ಗಡೆ ಗುಣವಾಗವೆ ಅಂತಾರಲ್ಲ, ಆ ಇಲಿಗೊಳಿಗೆ ಅರಿಸ್ನದ ಬೊಟ್ಟಿಟ್ಟೋಳು ನೀನೇ ಅಲ್ವಾ?"

ನಾರು ಅವಳ ಕೈಯಲ್ಲೇ ನಿಂತಿತು. ಸುಳ್ಳು ಹೇಳುತ್ತಾಳೆ ಎಂದುಕೊಂಡ ರಾಚಯ್ಯ. ಅವಳು ಹೇಳಲಿಲ್ಲ.

"ನಾನೇ ಕನ ಬುದ್ಧಿ. ಏನ್ ಮಾಡ್ಲಿ? ಆ ಕೂಸು ಚಂದ್ರಮತಿ ದಿನಾ ಒತ್ತಾರೆ ಬಂದು ಗೂಡ್ ಮುಂದೆ ಕುಂತ್ಕಳದು. 'ದೊಡ್ಡವ್ವಾ, ಇವು ಬದುಕುದ್ರೆ ನಾನೂ ಬದುಕ್ತೀನಿ ಅಲ್ವಾ' ಅನ್ನದು. ಒಂದಿನ ನೋಡ್ತೀನಿ, ಒಂದು ಸತ್ತು ಸೆಟ್ಕಂಡದೆ. ಕೂಸು ಬರೋ ಒತ್ತು. ಅದ್ಕೆ ಎಂಗ್ ತೋರ್ಸನ?"

"ಅದ್ಕೆ?"

"ಇನ್ನೂ ಸೂಜಿ ಚುಚ್ಚದೆ ಸುಮ್ಕೆ ಸಾಕೋ ಇಲಿಗೊಳ ಗೂಡ್ನಿಂದ ಒಂದ ತಂದು ಮಡಗ್ಬುಟ್ಟೆ. ಬೊಟ್ ಬೇಕಲ್ಲ, ಅಡ್ಗೆಮನೇಲಿ ಅರಿಸ್ನ ಇತ್ತು. ಆಮೇಕೆ ಒಂದೊಂದಾಗಿ ಎಲ್ಲಾ ಸತ್ತೋದೊ. ಎಲ್ಲಾನೂ ಬದ್ಲಾಯ್ಸ್‌ಬುಟ್ಟೆ."

"ಡಾಕ್ಟ್ರಿಗೆ ಯೋಳ್ನಿಲ್ವಾ?"

"ಯೋಳನ ಅಂತ್ಲೇ ಓದೆ. ಅವರು ಗೂಡ್ ಮುಂದೆ ನಿಂತ್ಕಂಡು ನಗಾಡ್ತಿದ್ರು ಬುದ್ಧಿ. ನಾ ಇಲ್ಲಿಗೆ ಬಂದಾಗಿಂದ ಆವಯ್ಯ ನಕ್ಕಿದ್ದ ಕಂಡೋಳಲ್ಲ. ಬಾಯೇ ಬರ್ನಿಲ್ಲ."

ಊಟಿಯ ಕಡೆಯಿಂದ ಈರುಳ್ಳಿ ಮೂಟೆಗೆ ಬಂದ ಖಾಲಿ ಲಾರಿಯೊಂದು ಗಡಗಡ ಎನ್ನುತ್ತ ರಸ್ತೆಯಲ್ಲಿ ಹೋಯಿತು. ಅದು ದೂರವಾದ ಮೇಲೆ ರಾಚಯ್ಯ ಕೇಳಿದ.

"ಅದೇ ಮದ್ದ ಇವತ್ತು ಆ ಕೂಸಿಗೇ ಚುಚ್ತಾರೆ. ಗೊತ್ತಾ ನಿಂಗೆ?"

"ಗೊತ್ತು. ಓದ್ದೋರಲ್ವಾ, ಇಲಿ ಬುಟ್ಟು ಇನ್ನೇನಾರಾ ನೋಡಿರ್ತಾರೆ ಅಂದ್ಕಂಡೆ."

"ಇಲಿ ಬುಟ್ಟು ಅವರು ಇನ್ನೇನೂ ನೋಡಿಲ್ಲ ಕನವ್ವಾ."

ದೊಡ್ಡಮಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಬ್ಬಳ ಕಣ್ಣೀರು ತಪ್ಪಿಸಲು ಮಾಡಿದ ಕೆಲಸ ಅವಳ ಜೀವಕ್ಕೇ ಕುತ್ತಾಗುತ್ತದೆ ಎಂದು ಪಾಪ, ಈ ಹೆಂಗಸಿಗೆ ಹೊಳೆದೇ ಇರಲಿಲ್ಲ.

"ನಂಜಯ್ಯನಿಗೇನಾರಾ ಗೊತ್ತಿತ್ತಾ?" ಎದ್ದು ನಿಂತು ಕೇಳಿದ ರಾಚಯ್ಯ.

"ನಾ ಯಾರ್ಗೂ ಯೋಳ್ನಿಲ್ಲ ಬುದ್ಧಿ. ಶಿವನಾಣೆ." ಅವಳು ತಲೆಯೆತ್ತಿದಳು. "ಬುದ್ಧೀ, ಬ್ಯಾಗ ಓಗಿ! ಡಾಕ್ಟ್ರು ಸೂಜಿ ತೊಳ್ಯಕೆ ಆಗ್ಲೇ ಬಿಸ್ನೀರು ಈಸ್ಕಂಡೋದ್ರು."

ರಾಚಯ್ಯ ಓಡಿದ. ಹೊಟ್ಟೆ ಬಂದ ಇನ್ಸ್‌ಪೆಕ್ಟರ್ ಓಡುವುದು ನೋಡಲು ಚೆಂದವಲ್ಲ. ಆದರೆ ಅಲ್ಲಿ ನೋಡಿ ನಗುವುದಕ್ಕೆ ಯಾರೂ ಇರಲಿಲ್ಲ.

ಚಂದ್ರಮತಿಯ ಕೋಣೆಯ ಬಾಗಿಲು ತೆರೆದಿತ್ತು. ಅವಳು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಡಿಸಿಟ್ಟ ಗೆರೆ ಇನ್ನೂ ಹೋಗದ ಸೀರೆಯುಟ್ಟು ಮಂಚದ ತುದಿಯಲ್ಲಿ ಕೂತಿದ್ದಳು. ಯಾವುದೋ ಮದುವೆಗೆ ಹೊರಟವಳಂತೆ ಕಂಡಳು. ಪಕ್ಕದ ಸ್ಟೂಲಿನ ಮೇಲೆ ಎನಾಮಲ್ ತಟ್ಟೆ. ಅದರಲ್ಲಿ ತುಂಬಿಟ್ಟ ಸಿರಿಂಜು. ಡಾಕ್ಟರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಿದ್ದರು.

"ಡಾಕ್ಟರೇ, ಒಂದು ನಿಮಿಷ ಹೊರಗೆ ಬನ್ನಿ."

"ಆಮೇಲೆ ಬರ್ತೀನಿ ಇನ್ಸ್‌ಪೆಕ್ಟರೇ."

"ಆಮೇಲೆ ಬಂದು ಪ್ರಯೋಜನವಿಲ್ಲ."

"ಹಾಗಾದರೆ ಇಲ್ಲೇ ಹೇಳಿ. ಇವರಿಂದ ಮುಚ್ಚಿಡೋ ಮಾತು ಈ ಬಂಗಲೆಯಲ್ಲಿ ಇಲ್ಲ."

ರಾಚಯ್ಯ ಚಂದ್ರಮತಿಯ ಮುಖ ನೋಡಿದ. ಕಳ್ಳರಿಗೆ, ಕೊಲೆಗಾರರಿಗೆ ಎಷ್ಟೋ ಕೆಟ್ಟ ಸುದ್ದಿ ಹೇಳಿದ್ದ. ಈ ಮುಖಕ್ಕೆ ಹೇಳುವುದು ಅವನಿಂದಾಗಲಿಲ್ಲ. ಡಾಕ್ಟರ ಕಡೆಗೇ ತಿರುಗಿ ಹೇಳಿದ.

"ನಿಮ್ಮ ಮದ್ದು ಚುಚ್ಚಿದ ಇಲಿ ಒಂದೂ ಬದುಕಿಲ್ಲ. ಗೂಡಿನಲ್ಲಿರೋವು ಬೇರೆ."

ಡಾಕ್ಟರು ಹತ್ತಿಯನ್ನು ಹಿಂಡಿದರು. ಮಾತಾಡಿದವಳು ಚಂದ್ರಮತಿ.

"ನಂಗೊತ್ತು ಸಾರ್."

ಹಿತ್ತಿಲ ಕಡೆಯಿಂದ ದೊಡ್ಡಮಲ್ಲಮ್ಮ ಬಂದು ಹೊಸಿಲ ಹೊರಗೆ ನಿಂತಳು. ಚಂದ್ರಮತಿ ಅವಳನ್ನು ನೋಡಿ ಸಣ್ಣಗೆ ನಕ್ಕಳು.

"ಅದರಲ್ಲಿ ಒಂದು ಇಲಿ ನನಗೆ ಚೆನ್ನಾಗಿ ಒಗ್ಗಿತ್ತು. ಕಡ್ಲೆ ಹಿಡಿದರೆ ಓಡಿ ಬಂದು ಬೆರಳು ಮೂಸ್ತಿತ್ತು. ಒಂದಿನ ಬೆಳಿಗ್ಗೆ ಬೊಟ್ಟು ಅದೇ ಇದೆ, ಇಲಿ ಮಾತ್ರ ನನ್ನ ಕಂಡು ಮೂಲೆಗೆ ಓಡ್ತು. ಪರಿಚಯ ಇಲ್ಲದವರನ್ನ ಕಂಡ ಹಂಗೆ. ಆವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ನಿದ್ಯಾ ಕಣಮ್ಮಿ?" ದೊಡ್ಡಮಲ್ಲಮ್ಮನ ದನಿ ಒಡೆಯಿತು.

"ನೀನು ಬೇಜಾರು ಮಾಡ್ಕೋತೀಯ ಅಂತ ದೊಡ್ಡವ್ವಾ. ನನಗೋಸ್ಕರ ಯಾರೂ ಒಂದು ಸುಳ್ಳೂ ಹೇಳಿರಲಿಲ್ಲ. ಅತ್ತೆಮನೇಲಿ ಎಲ್ಲಾ ನಿಜವನ್ನೇ ಹೇಳಿದ್ರು, ಮುಖಕ್ಕೆ ಹೊಡೆದ ಹಂಗೆ."

ರಾಚಯ್ಯನ ಪೊಲೀಸ್ ಬುದ್ಧಿ ಆಗಲೂ ಸುಮ್ಮನಿರಲಿಲ್ಲ.

"ಇದನ್ನ ಯಾರಿಗಾದರೂ ಹೇಳಿದ್ರಾ ತಾಯಿ?"

"ಹೇಳಿದೆ. ನಂಜಯ್ಯನೋರಿಗೆ. ಹೋದ ಗುರುವಾರ ಬೆಳಿಗ್ಗೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವರು ಬೆಳ್ಳಗಾಗಿಬಿಟ್ರು. ಈಗಲೇ ಡಾಕ್ಟರಿಗೆ ಹೇಳ್ತೀನಿ ಅಂತ ಹೋದ್ರು. ಸ್ವಲ್ಪ ಹೊತ್ತಿಗೆ ಇಬ್ಬರೂ ಜೀಪು ಹತ್ತಿದ್ದು ಈ ಕಿಟಕಿಯಿಂದಲೇ ಕಾಣ್ತು. ಹಂಗಳದ ಕಡೆಗೆ ಹೋಯ್ತು ಜೀಪು."

"ಇಬ್ಬರೂ ಅಂದ್ರೆ?"

"ನಂಜಯ್ಯನೋರು, ಡಾಕ್ಟರು."

ಗುರುವಾರ ಎಲ್ಲಿದ್ದಿರಿ ಎಂದು ರಾಚಯ್ಯ ಡಾಕ್ಟರನ್ನು ಮೊದಲ ದಿನವೇ ಕೇಳಿದ್ದ. ಚಾಮರಾಜನಗರದಿಂದ ರೈಲು ಹಿಡಿದು ಮೈಸೂರಿಗೆ ಹೋಗಿದ್ದೆ ಎಂದು ಅವರು ಉತ್ತರ ಕೊಟ್ಟಿದ್ದರು. ಅಷ್ಟು ದೊಡ್ಡ ಮನುಷ್ಯರ ಮಾತೆಂದು ಇವನು ಸ್ಟೇಷನ್ನಿನಲ್ಲಿ ವಿಚಾರಿಸುವ ಗೋಜಿಗೂ ಹೋಗಿರಲಿಲ್ಲ. ತನ್ನನ್ನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಎನ್ನಿಸಿತು.

"ಡಾಕ್ಟರೇ, ಮೈಸೂರಿನ ರೈಲು ಹಂಗಳದ ಮೇಲೆ ಯಾವಾಗಿನಿಂದ ಹೋಗ್ತಿದೆ?"

ಶಿವರುದ್ರಸ್ವಾಮಿಗಳು ಹತ್ತಿಯ ಉಂಡೆಯನ್ನು ತಟ್ಟೆಯಲ್ಲಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕನ್ನಡಕವಿಲ್ಲದ ಆ ಮುಖ ತೀರ ವಯಸ್ಸಾದವರದು.

"ನಾನು ಅವನನ್ನ ಕೊಲ್ಲಲಿಲ್ಲ. ಬೇರು ತರೋಕೆ ಹೊರಟಿದ್ದೆವು. ದಾರಿಯುದ್ದಕ್ಕೂ ಜಗಳವಾಡಿದ. ಇಲಿಗಳು ಸುಳ್ಳಾದ ಮೇಲೆ ಆ ಹೆಣ್ಣುಮಗಳಿಗೆ ಹೇಗೆ ಚುಚ್ಚುತ್ತೀರಿ ಅಂದ. ನಾನು ನಂಬಲಿಲ್ಲ. ನಂಬೋಕೆ ನನ್ನ ಕೈಲಾಗಲಿಲ್ಲ. ಹಾಗಾದರೆ ಮೊದಲು ನನಗೇ ಆಗಲಿ ಅಂತ ಜೀಪಿನಲ್ಲಿದ್ದ ಮದ್ದಿನ ಪೆಟ್ಟಿಗೆ ತೆಗೆದು ತೋಳಿಗೆ ಚುಚ್ಚಿಕೊಂಡ."

ನಂಜಯ್ಯನ ಹೆಣದ ತೋಳುಗಳು ರಾಚಯ್ಯನ ಕಣ್ಮುಂದೆ ಬಂದವು. ಮುಳ್ಳು ಗೀರಿದ ಗುರುತು ಎಷ್ಟೋ ಇದ್ದವು. ಕಾಡಿನಲ್ಲಿ ಬೇರು ಆಯುವವನ ತೋಳಲ್ಲಿ ಇದ್ದೇ ಇರುತ್ತವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಆಮೇಲೆ?"

"ಏನೂ ಆಗಲಿಲ್ಲ. ನೋಡಿದೆಯಾ ಅಂದೆ. ಅವನೂ ನಕ್ಕ. ಸ್ವಲ್ಪ ಸುಸ್ತು, ಮರದ ಕೆಳಗೆ ಕೂತಿರ್ತೀನಿ, ನೀವು ಬೇರು ತನ್ನಿ ಅಂದ. ನಾನು ವಾಪಸ್ ಬಂದಾಗ..."

"ಬಿಟ್ಟು ಬಂದುಬಿಟ್ಟಿರಿ."

"ಬಿಟ್ಟು ಬಂದೆ."

ಹೊರಗೆ ದೊಡ್ಡಮಲ್ಲಮ್ಮ "ಅಯ್ಯೋ ಶಿವನೇ" ಎಂದು ಗೋಡೆ ಹಿಡಿದುಕೊಂಡಳು. ರಾಚಯ್ಯನಿಗೆ ಸಿಟ್ಟು ನೆತ್ತಿಗೇರಿತು.

"ಒಬ್ಬ ಮನುಷ್ಯ ಸತ್ತದ್ದನ್ನ ಕಣ್ಣಾರೆ ನೋಡಿದಿರಿ. ಆದರೂ ಇವತ್ತು ಸಿರಿಂಜು ತುಂಬಿದಿರಿ. ಮನುಷ್ಯರೇನ್ರಿ ನೀವು?"

"ಅದರಲ್ಲಿರೋದು ಉಪ್ಪುನೀರು."

"ಏನಂದಿರಿ?"

"ಬರೀ ಉಪ್ಪುನೀರು ಇನ್ಸ್‌ಪೆಕ್ಟರೇ. ಮದ್ದನ್ನೆಲ್ಲ ಗುರುವಾರವೇ ಚೆಲ್ಲಿದೆ. ಮದ್ದಿಲ್ಲ, ಮನೆಗೆ ಹೋಗಮ್ಮಾ ಅಂತ ಇವರಿಗೆ ಹೇಗೆ ಹೇಳಲಿ? ಯಾವ ಮನೆಗೆ ಹೋಗು ಅನ್ನಲಿ? ಇನ್ನಷ್ಟು ದಿನ ನಂಬಿಕೊಂಡು ಇಲ್ಲೇ ಇರಲಿ ಅಂದುಕೊಂಡೆ. ನನಗೂ..." ಡಾಕ್ಟರು ಗೋಡೆಯ ಕಡೆ ನೋಡಿದರು. "ಸಂಜೆ ಹೊತ್ತು ಈ ಕಿಟಕಿಯಲ್ಲಿ ದೀಪ ಕಾಣೋದು ನನಗೂ ಅಭ್ಯಾಸವಾಗಿತ್ತು."

ಇದು ನಿಜವೇ? ರಾಚಯ್ಯ ತಟ್ಟೆಯಲ್ಲಿದ್ದ ಸಿರಿಂಜನ್ನು ನೋಡಿದ. ಉಪ್ಪುನೀರಾಗಿದ್ದರೆ ಕರುಣೆ. ಆದರೆ ಗುರುವಾರ ಜೀಪು ಹತ್ತಿದವರು ಯಾರೆಂದು ಕಂಡವಳು ಇಡೀ ಲೋಕದಲ್ಲಿ ಚಂದ್ರಮತಿ ಒಬ್ಬಳೇ. ಸಿರಿಂಜಿನಲ್ಲಿ ಮದ್ದೇ ಇದ್ದು ಅವಳು ಸತ್ತರೆ, ಕಾಯಿಲೆಯವಳು ಸತ್ತಳು ಎಂದು ಊರು ಎರಡು ದಿನದಲ್ಲಿ ಮರೆಯುತ್ತದೆ. ಡಾಕ್ಟರಿಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.

"ಸರಿ, ನಂಬಿದೆ," ಎಂದ ರಾಚಯ್ಯ. "ಉಪ್ಪುನೀರು ತಾನೇ? ನಿಮ್ಮ ತೋಳಿಗೇ ಹಾಕಿಕೊಳ್ಳಿ. ನಾನು ಇಲ್ಲಿಂದ ಸುಮ್ಮನೆ ಹೋಗ್ತೀನಿ."

ಡಾಕ್ಟರು ಅಲುಗಾಡಲಿಲ್ಲ.

"ಯಾಕೆ? ಅಂಗಿಯ ತೋಳು ಮಡಿಸಿ."

"ನಿಮ್ಮ ಸಂಶಯಕ್ಕೆಲ್ಲ ನಾನು ಪರೀಕ್ಷೆ ಕೊಡಬೇಕಾ?"

"ಕೊಡಬೇಕು. ನಂಜಯ್ಯ ಕೊಟ್ಟನಲ್ಲ."

ಆ ಮಾತು ತಾಗಿತು. ಡಾಕ್ಟರ ಮುಖ ಕಪ್ಪಿಟ್ಟಿತು. ಅವರು ಒಂದು ಹೆಜ್ಜೆ ಮುಂದೆ ಬಂದರು, ರಾಚಯ್ಯನೂ ಒಂದು ಹೆಜ್ಜೆ ಮುಂದೆ ಬಂದ. ಇಬ್ಬರು ಗಂಡಸರು ಮುಖಕ್ಕೆ ಮುಖ ಕೊಟ್ಟು ನಿಂತರು. ಒಬ್ಬನಿಗೆ ಹೆಂಡತಿಯಿಲ್ಲ, ಇನ್ನೊಬ್ಬನಿಗೆ ಯಾರೂ ಇಲ್ಲ. ಇಬ್ಬರ ಜಗಳವೂ ಮಂಚದ ಮೇಲೆ ಕೂತವಳ ಜೀವದ ಬಗ್ಗೆ. ಅವಳ ಕಡೆ ಮಾತ್ರ ಇಬ್ಬರೂ ನೋಡುತ್ತಿರಲಿಲ್ಲ.

"ಅಮ್ಮೀ, ಬ್ಯಾಡ ಕಣಮ್ಮಿ!"

ದೊಡ್ಡಮಲ್ಲಮ್ಮನ ಕೂಗಿಗೆ ಇಬ್ಬರೂ ತಿರುಗಿದರು.

ಎನಾಮಲ್ ತಟ್ಟೆ ಖಾಲಿಯಾಗಿತ್ತು. ಚಂದ್ರಮತಿ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿಕೊಂಡಿದ್ದಳು. ಸೂಜಿಯನ್ನು ಆಗಲೇ ಹೊರಗೆ ಎಳೆಯುತ್ತಿದ್ದಳು. ಗಾಜಿನ ಸಿರಿಂಜಿನೊಳಗೆ ಒಂದು ಹನಿಯೂ ಉಳಿದಿರಲಿಲ್ಲ.

ರಾಚಯ್ಯ ಹಾರಿ ಅವಳ ಕೈಯಿಂದ ಅದನ್ನು ಕಿತ್ತುಕೊಂಡ. ತಡವಾಗಿತ್ತು.

"ಏನ್ ತಾಯಿ ಮಾಡಿಕೊಂಡಿರಿ ಇದು!"

"ಇಷ್ಟು ದಿನ ಇದನ್ನೇ ಕಾದಿದ್ದೆ ಸಾರ್," ಎಂದಳು ಚಂದ್ರಮತಿ. ತೋಳಿನ ಮೇಲೆ ಮೂಡಿದ ರಕ್ತದ ಚುಕ್ಕೆಯನ್ನು ಹತ್ತಿಯಿಂದ ತಾನೇ ಒತ್ತಿಕೊಂಡಳು. "ಇಲ್ಲಿಂದ ಹೊರಗೆ ಹೋದರೆ ನನಗೆ ಕಾಯೋಕೂ ಏನೂ ಇಲ್ಲ."

ಆಮೇಲೆ ಡಾಕ್ಟರ ಕಡೆ ತಿರುಗಿ, ಅಂಗಡಿಯಲ್ಲಿ ಬೆಲೆ ಕೇಳಿದಷ್ಟು ಸಾಧಾರಣವಾಗಿ ಕೇಳಿದಳು.

"ಉಪ್ಪುನೀರೇ ತಾನೇ ಡಾಕ್ಟರೇ?"

ಡಾಕ್ಟರ್ ಶಿವರುದ್ರಸ್ವಾಮಿ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತರು. ಜೇಬಿನಿಂದ ಗಡಿಯಾರ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದರು.